ಸೂತ್ರ ತೆಗೆದರೆ ಸಪ್ಪೆ, ಇಟ್ಟರೆ ಓದುಗರು ಓಡುತ್ತಾರೆ: ಗಣಿತವನ್ನು ಎಲ್ಲರಿಗಾಗಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ವೃತ್ತಿಯಲ್ಲಿ ಎಂಜಿನಿಯರ್. ಚಿಕ್ಕಂದಿನಿಂದಲೂ ಗಣಿತವೆಂದರೆ ಪ್ರೀತಿ. ಆ ರುಚಿಯನ್ನು ಸಾಮಾನ್ಯ ಓದುಗರಿಗೂ ಹತ್ತಿಸಬೇಕೆಂದು ಕನ್ನಡದಲ್ಲಿ ಮೂರು ಲೇಖನ ಬರೆದೆ. ಮೊದಲನೆಯದು ಪ್ರಕೃತಿಯಲ್ಲಿ ಸುವರ್ಣ ಅನುಪಾತದ (ಸುಮಾರು 1.618 ಎಂಬ ಸಂಖ್ಯೆಯ) ಬಗ್ಗೆ, ಎರಡನೆಯದು ರಾಮಾನುಜನ್ ಮತ್ತು 1729ರ ಬಗ್ಗೆ, ಮೂರನೆಯದು ಅವಿಭಾಜ್ಯ ಸಂಖ್ಯೆಗಳು ಗುಪ್ತಲಿಪಿಯಲ್ಲಿ ಬಳಕೆಯಾಗುವ ಬಗ್ಗೆ. ಗಣಿತ ಬಲ್ಲ ಗೆಳೆಯರು “ಇದರಲ್ಲಿ ಗಣಿತ ಎಲ್ಲಿದೆ?” ಎಂದರು. ಸೂತ್ರಗಳನ್ನು ಸೇರಿಸಿ ತಿದ್ದಿದೆ. ಆಗ ಉಳಿದವರು ಎರಡನೇ ಪ್ಯಾರಾದಲ್ಲೇ ಕೈಬಿಟ್ಟರು. ಲೇಖನಗಳನ್ನು ಜೊತೆಗೆ ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೂರೂ ಲೇಖನಗಳನ್ನು ಎರಡೆರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ನಿಮ್ಮ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೂ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಮೂರರಲ್ಲೂ ಗಣಿತದ ಸುದ್ದಿ ಬೇಕಾದಷ್ಟಿದೆ, ಆದರೆ ಗಣಿತ ನಡೆಯುವುದಿಲ್ಲ. ಅದಕ್ಕೆ ಮದ್ದೆಂದು ನೀವು ಸೂತ್ರಗಳನ್ನು ಸೇರಿಸಿದಿರಿ. ಆಗಲೂ ಗಣಿತ ನಡೆಯಲಿಲ್ಲ, ಸುದ್ದಿಯ ನಡುವೆ ಬೇಲಿ ಎದ್ದಿತು, ಅಷ್ಟೇ.

ಸೂತ್ರ ಇರಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳುವುದನ್ನು ಸ್ವಲ್ಪ ಕಾಲ ಬಿಟ್ಟುಬಿಡಿ. ಬರೆದದ್ದನ್ನು ಮುಂದಿಟ್ಟುಕೊಂಡು ಒಂದೇ ಒಂದು ಮಾತು ಕೇಳಿಕೊಳ್ಳಿ: ಓದುವವರು ಎಲ್ಲಾದರೂ ಒಂದು ಕಡೆ ನಿಂತು, ಉತ್ತರ ಗೊತ್ತಾಗುವ ಮೊದಲು, ತಾವೇ ಯೋಚಿಸಬೇಕಾಯಿತೇ? ಆಯಿತು ಎಂದಾದರೆ ಅಲ್ಲಿ ಗಣಿತವಿದೆ, ಒಂದೂ ಸೂತ್ರವಿಲ್ಲದಿದ್ದರೂ. ಇಲ್ಲ ಎಂದಾದರೆ ಪುಟ ತುಂಬ ಸೂತ್ರವಿದ್ದರೂ ಗಣಿತವಿಲ್ಲ.

ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ಮೊದಲ ಬಾರಿಗೆ ಸಾರ್ವಜನಿಕ ಉಪನ್ಯಾಸಕ್ಕೆ ಕರೆ ಬಂದಿತ್ತು. ಗಣಿತದ ಇತಿಹಾಸ, ಮಹಾನ್ ಗಣಿತಜ್ಞರ ಚಿತ್ರಗಳು, ಬಗೆಬಗೆಯ ಉಪಯೋಗಗಳು ಎಲ್ಲವನ್ನೂ ಚಂದವಾಗಿ ಜೋಡಿಸಿಕೊಂಡು ಹೋಗಿದ್ದೆ. ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳಿ ಎಂದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಅವರಿಗೆ ಕೇಳಲು ಏನೂ ಇರಲಿಲ್ಲ, ಏಕೆಂದರೆ ಮಾಡಲು ನಾನು ಏನನ್ನೂ ಕೊಟ್ಟಿರಲಿಲ್ಲ.

ಮುಂದಿನ ಸಲ ಒಂದು ಚದುರಂಗದ ಹಾಸು ಮತ್ತು ರಟ್ಟಿನ ಕೆಲವು ಪಟ್ಟಿಗಳನ್ನು ಮಾತ್ರ ಒಯ್ದೆ. ಹಾಸಿನಲ್ಲಿ 64 ಮನೆ. ಒಂದೊಂದು ಪಟ್ಟಿಯೂ ಅಕ್ಕಪಕ್ಕದ ಎರಡು ಮನೆಗಳನ್ನು ಸರಿಯಾಗಿ ಮುಚ್ಚುತ್ತದೆ. 32 ಪಟ್ಟಿಗಳಿಂದ ಇಡೀ ಹಾಸನ್ನು ಮುಚ್ಚಬಹುದು, ಅದು ಯಾರಿಗಾದರೂ ಕಾಣುತ್ತದೆ. ಈಗ ಹಾಸಿನ ಎದುರುಬದುರು ಮೂಲೆಯ ಎರಡು ಮನೆಗಳನ್ನು, ಅಂದರೆ ಮೇಲಿನ ಎಡ ಮೂಲೆ ಮತ್ತು ಕೆಳಗಿನ ಬಲ ಮೂಲೆಯನ್ನು, ಕತ್ತರಿಸಿ ತೆಗೆದೆವೆನ್ನಿ. ಉಳಿದದ್ದು 62 ಮನೆ. 31 ಪಟ್ಟಿಗಳಿಂದ ಅದನ್ನು ಮುಚ್ಚಲು ಸಾಧ್ಯವೇ?

ಸಭೆಯಲ್ಲಿ ಹತ್ತು ನಿಮಿಷ ನಾನು ಮಾತೇ ಆಡಲಿಲ್ಲ. ಪಟ್ಟಿಗಳು ಕೈಯಿಂದ ಕೈಗೆ ಹೋದವು, ಇನ್ನುಳಿದವರು ಕಾಗದದ ಮೇಲೆ ಚೌಕ ಎಳೆದರು. ಎಲ್ಲರಿಗೂ ಕೊನೆಯಲ್ಲಿ ಎರಡು ಒಂಟಿ ಮನೆಗಳು ಉಳಿಯುತ್ತಿದ್ದವು. “ನನಗೆ ಬರುತ್ತಿಲ್ಲ, ಜಾಣರಿಗೆ ಬರಬಹುದು” ಎಂದರು ಒಬ್ಬರು. ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು, ಶಾಲೆ ಬಿಟ್ಟ ಮೇಲೆ ಲೆಕ್ಕದ ಗೊಡವೆಗೇ ಹೋಗಿರಲಿಲ್ಲವೆಂದು ಮೊದಲೇ ಹೇಳಿಕೊಂಡಿದ್ದವರು, ಮೆಲ್ಲಗೆ ಕೇಳಿದರು: “ಉಳಿಯೋ ಎರಡು ಮನೆ ಯಾವಾಗಲೂ ಒಂದೇ ಬಣ್ಣದ್ದು ಯಾಕೆ ಸರ್?”

ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಪಟ್ಟಿಯನ್ನು ಹೇಗೆ ಇಟ್ಟರೂ ಅದು ಒಂದು ಕಪ್ಪು ಮನೆಯನ್ನೂ ಒಂದು ಬಿಳಿ ಮನೆಯನ್ನೂ ಮುಚ್ಚುತ್ತದೆ, ಅಕ್ಕಪಕ್ಕದ ಮನೆಗಳ ಬಣ್ಣ ಬೇರೆ ಬೇರೆ ತಾನೇ. 31 ಪಟ್ಟಿ ಇಟ್ಟರೆ 31 ಕಪ್ಪು, 31 ಬಿಳಿ. ಎದುರುಬದುರು ಮೂಲೆಗಳಾದರೋ ಒಂದೇ ಬಣ್ಣದವು. ಬಿಳಿ ಮೂಲೆಗಳು ಹೋದವೆಂದರೆ ಉಳಿದದ್ದು 32 ಕಪ್ಪು, 30 ಬಿಳಿ. ಇನ್ನು ಜಾಣರಲ್ಲಿ ಜಾಣರು ಬಂದರೂ, ಯಂತ್ರಕ್ಕೆ ಸಾವಿರ ವರ್ಷ ಕೊಟ್ಟರೂ, ಆ ಹಾಸು ಮುಚ್ಚುವುದಿಲ್ಲ.

ಸಭೆಯಲ್ಲಿ ಆಗ ಹುಟ್ಟಿದ ಸದ್ದು ನನಗಿನ್ನೂ ನೆನಪಿದೆ. “ನನಗೆ ಆಗುತ್ತಿಲ್ಲ” ಎಂಬುದರಿಂದ “ಯಾರಿಂದಲೂ ಆಗದು, ಮತ್ತು ಏಕೆಂದು ನನಗೆ ಗೊತ್ತು” ಎಂಬಲ್ಲಿಗೆ ಅವರೆಲ್ಲ ಒಂದೇ ಹೆಜ್ಜೆಯಲ್ಲಿ ದಾಟಿದ್ದರು. ಗಣಿತದಲ್ಲಿ ಸಾಧಿಸಿ ತೋರಿಸುವುದು (ಪ್ರೂಫ್) ಎಂದರೆ ಇದೇ. ಇದಕ್ಕಿಂತ ಹೆಚ್ಚಿನದನ್ನು ನಾನು ಯಾವ ತರಗತಿಯಲ್ಲೂ ಕಲಿಸಿಲ್ಲ. ಒಗಟನ್ನು 1946ರಲ್ಲಿ ಮ್ಯಾಕ್ಸ್ ಬ್ಲ್ಯಾಕ್ ಎಂಬ ತತ್ವಶಾಸ್ತ್ರಜ್ಞರು ಮುಂದಿಟ್ಟರು. ಆದರೆ ಆ ವಿವರವನ್ನು ಉಪನ್ಯಾಸದ ಮೊದಲೇ ಹೇಳಿದ್ದರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಒಗಟು ಕಾಡಿದ ಮೇಲೆ ಅವರೇ “ಇದನ್ನು ಮಾಡಿದವರು ಯಾರು?” ಎಂದು ಕೇಳಿದರು. ಇತಿಹಾಸಕ್ಕೆ ಜಾಗವಿರುವುದು ಅಲ್ಲಿ.

ಈಗ ನಿಮ್ಮ ಲೇಖನಗಳಿಗೆ ಬರುತ್ತೇನೆ.

ಸುವರ್ಣ ಅನುಪಾತದ ಲೇಖನದಲ್ಲಿ ಮೊದಲು ಒಂದು ತಪ್ಪನ್ನು ತೆಗೆಯಬೇಕು. ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನ ಸುರುಳಿ ಸುವರ್ಣ ಸುರುಳಿ ಎಂದು ಬರೆದಿದ್ದೀರಿ. ಎಲ್ಲರೂ ಹಾಗೇ ಬರೆಯುತ್ತಾರೆ, ಅದು ನಿಜವಲ್ಲ. ಸುವರ್ಣ ಸುರುಳಿ ಒಂದು ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗುತ್ತದೆ, ನಾಟಿಲಸ್ ಚಿಪ್ಪು ಹೆಚ್ಚುಕಡಿಮೆ ಮೂರು ಪಟ್ಟು ಮಾತ್ರ. ಇಂಥ ಸುಂದರ ಸುಳ್ಳುಗಳು ಗಣಿತದ ಬರವಣಿಗೆಯಲ್ಲಿ ಬೇರೂರಿವೆ. ಓದುಗರು ಒಂದು ದಿನ ಅಳತೆ ಹಿಡಿದು ನೋಡಿದಾಗ ನಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಸೂರ್ಯಕಾಂತಿಯ ವಿಚಾರ ಮಾತ್ರ ನಿಜ, ಮತ್ತು ಅದು ಅದ್ಭುತ. ನೀವು “ಸುರುಳಿಗಳನ್ನು ಎಣಿಸಿದರೆ 34, 55, 89 ಇಂಥ ಫಿಬೊನಾಚ್ಚಿ ಸಂಖ್ಯೆಗಳು (ಒಂದೊಂದೂ ತನ್ನ ಹಿಂದಿನ ಎರಡರ ಮೊತ್ತ) ಸಿಗುತ್ತವೆ” ಎಂದು ಹೇಳಿ ಮುಂದಿನ ಉದಾಹರಣೆಗೆ ಹಾರಿಬಿಟ್ಟಿರಿ. ಓದುಗರಿಗೆ ಅಲ್ಲಿ ದೊರೆತದ್ದು ಒಂದು ವಿಸ್ಮಯದ ಸುದ್ದಿ. ಅಲ್ಲೇ ನಿಂತು ಕೇಳಬೇಕಿತ್ತು: ನೀವೇ ಆ ಹೂವಾಗಿದ್ದರೆ ಏನು ಮಾಡುತ್ತಿದ್ದಿರಿ? ನಡುವೆ ಒಂದೊಂದೇ ಬೀಜ ಹುಟ್ಟುತ್ತದೆ, ಹೊಸದು ಬಂದಂತೆ ಹಳೆಯದು ಹೊರಕ್ಕೆ ಸರಿಯುತ್ತದೆ. ಪ್ರತಿ ಬೀಜವೂ ಹಿಂದಿನದಕ್ಕಿಂತ ಒಂದಿಷ್ಟು ತಿರುಗಿ ಹುಟ್ಟಬೇಕು. ಎಷ್ಟು ತಿರುಗಲಿ? ಅರ್ಧ ಸುತ್ತು ತಿರುಗಿದರೆ ಬೀಜಗಳೆಲ್ಲ ಎರಡೇ ಸಾಲಿನಲ್ಲಿ ನಿಲ್ಲುತ್ತವೆ. ಮೂರನೇ ಒಂದು ಸುತ್ತಾದರೆ ಮೂರು ಸಾಲು. ಐದನೇ ಎರಡಾದರೆ ಐದು. ಸಾಲುಗಳ ನಡುವಿನ ಜಾಗವೆಲ್ಲ ಹಾಳು. ಭಿನ್ನರಾಶಿ ಯಾವುದಾದರೂ ಇದೇ ಗತಿ. ಹಾಗಾದರೆ ಭಿನ್ನರಾಶಿಯೇ ಅಲ್ಲದ ಸಂಖ್ಯೆ ಬೇಕು. ಪೈ ಆಗಬಹುದೇ? ಅದು 22/7ಕ್ಕೆ ತೀರಾ ಹತ್ತಿರವಿರುವುದರಿಂದ ಹೂವಿನಲ್ಲಿ ಏಳು ತೋಳುಗಳು ಎದ್ದು ಕಾಣುತ್ತವೆ. ನಮಗೆ ಬೇಕಾದದ್ದು ಯಾವ ಸರಳ ಭಿನ್ನರಾಶಿಯ ಸಮೀಪಕ್ಕೂ ಸುಳಿಯದ, ಭಿನ್ನರಾಶಿಗಳಿಂದ ಆದಷ್ಟು ದೂರ ಉಳಿಯುವ ಸಂಖ್ಯೆ. ಎಲ್ಲ ಸಂಖ್ಯೆಗಳಲ್ಲೂ ಈ ಹಟ ಅತಿ ಹೆಚ್ಚಾಗಿರುವುದು ಸುವರ್ಣ ಅನುಪಾತಕ್ಕೆ. ಅದರಿಂದ ಬರುವ ಕೋನ ಸುಮಾರು 137.5 ಡಿಗ್ರಿ. ಹೂವಿನಲ್ಲಿ ಅಳೆದರೆ ಸಿಗುವುದೂ ಅದೇ.

ಇಷ್ಟು ಹೇಳಲು ಸೂತ್ರವೇನೂ ಬೇಕಾಗಲಿಲ್ಲ. ಬೇಕಾದದ್ದು ತಾಳ್ಮೆ. ಪ್ರಕೃತಿಯ ಎಂಟು ಉದಾಹರಣೆ ಕೊಡುವ ಬದಲು ಒಂದನ್ನೇ ಹಿಡಿದು ಬುಡದವರೆಗೆ ಹೋಗಬೇಕು. ಹೊಸದಾಗಿ ಬರೆಯುವವರಿಗೆ ಇದು ಕಷ್ಟವಾಗುತ್ತದೆ. ಗೊತ್ತಿರುವುದನ್ನೆಲ್ಲ ಬಿಟ್ಟುಕೊಡಬೇಕಾಗುತ್ತದಲ್ಲ. ಬಿಟ್ಟುಕೊಡಿ, ಅವು ಇನ್ನೊಂದು ಲೇಖನಕ್ಕೆ ಬರುತ್ತವೆ.

ರಾಮಾನುಜನ್ ಲೇಖನ ಓದುವಾಗ ನನಗೆ ಬೇಸರವಾಯಿತು, ಅದಕ್ಕೆ ಕಾರಣ ನೀವೊಬ್ಬರೇ ಅಲ್ಲ. ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಆಸ್ಪತ್ರೆಗೆ ಬಂದದ್ದು, ಟ್ಯಾಕ್ಸಿಯ ನಂಬರು 1729 ಸಪ್ಪೆ ಸಂಖ್ಯೆ ಎಂದದ್ದು, ಹಾಸಿಗೆಯಲ್ಲಿದ್ದ ರಾಮಾನುಜನ್ ಕೂಡಲೇ “ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು” ಎಂದು ಹೇಳಿದ್ದು, ಈ ಕಥೆಯನ್ನು ನಾವೆಲ್ಲ ಎಷ್ಟು ಸಲ ಹೇಳಿದ್ದೇವೆ! ಕೇಳಿದವರು ಕೈಮುಗಿಯುತ್ತಾರೆ, ಮನೆಗೆ ಹೋಗುತ್ತಾರೆ. ಗಣಿತವೆಂದರೆ ಹುಟ್ಟಿನಿಂದ ದೈವದತ್ತವಾಗಿ ಬರುವಂಥದ್ದು, ನಮ್ಮಂಥವರಿಗಲ್ಲ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ನಾವು ಜನರನ್ನು ಹತ್ತಿರ ತರಲು ಹೊರಟು ದೂರ ತಳ್ಳಿದೆವು.

ಆ ಕಥೆಗೆ ಒಂದು ಹಿನ್ನೆಲೆ ಇದೆ. ಎರಡು ಧನ ಪೂರ್ಣಸಂಖ್ಯೆಗಳ ಘನಗಳನ್ನು ಕೂಡಿಸಿದರೆ ಎಂದೂ ಇನ್ನೊಂದು ಘನ ಬರುವುದಿಲ್ಲ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಸಿದ್ಧ ಹೇಳಿಕೆಯ ಒಂದು ಭಾಗ ಇದು. ಸರಿ, ಘನ ಬರುವುದಿಲ್ಲ. ಆದರೆ ಎಷ್ಟು ಹತ್ತಿರ ಬರಬಹುದು? ಒಂದೇ ಒಂದರಿಂದ ತಪ್ಪಬಹುದೇ? 6 ಮತ್ತು 8ರ ಘನ ಕೂಡಿಸಿ: 216 + 512 = 728. 9ರ ಘನ 729. ಒಂದೇ ಒಂದು ಕಡಿಮೆ! 9 ಮತ್ತು 10ರ ಘನ ಕೂಡಿಸಿ: 729 + 1000 = 1729. 12ರ ಘನ 1728. ಒಂದು ಹೆಚ್ಚು. 135 ಮತ್ತು 138ರ ಘನಗಳ ಮೊತ್ತ 172ರ ಘನಕ್ಕಿಂತ ಒಂದೇ ಕಡಿಮೆ. ಹೀಗೆ ಕೂದಲೆಳೆಯಲ್ಲಿ ತಪ್ಪಿಹೋಗುವ ಜೋಡಿಗಳನ್ನು ಕೊನೆಯಿಲ್ಲದಂತೆ ಹುಟ್ಟಿಸುವ ವಿಧಾನವನ್ನೇ ರಾಮಾನುಜನ್ ತಮ್ಮ ಹಾಳೆಗಳಲ್ಲಿ ಬರೆದಿಟ್ಟಿದ್ದರು. ಎಂದರೆ 1729 ಅವರಿಗೆ ಟ್ಯಾಕ್ಸಿಯಿಂದ ಬಂದ ಹೊಸ ಸಂಖ್ಯೆಯಾಗಿರಲಿಲ್ಲ. ಜೊತೆಯಲ್ಲಿ ಕೂತು ಕೆಲಸ ಮಾಡಿದ ಸಂಖ್ಯೆ ಅದು.

ಹೀಗೆ ಬರೆದರೆ ಅವರ ದೊಡ್ಡತನವೇನೂ ಕುಗ್ಗುವುದಿಲ್ಲ, ನನ್ನ ಕಣ್ಣಿಗಂತೂ ಬೆಳೆಯುತ್ತದೆ. ಜೊತೆಗೆ ಓದುಗರ ಕೈಗೆ ಒಂದು ಕೆಲಸ ಸಿಗುತ್ತದೆ. 1ರಿಂದ 12ರವರೆಗಿನ ಘನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವರೂ ಹುಡುಕಬಹುದು. 1729ಕ್ಕೆ ಎರಡನೇ ದಾರಿ ಯಾವುದೆಂದು ನೀವು ಹೇಳಲೇಬೇಡಿ. 1728 ಎಂದರೆ 12ರ ಘನ ಎಂದು ಕಂಡವರಿಗೆ ಅದು ತಾನಾಗಿ ಹೊಳೆಯುತ್ತದೆ.

ಮೂರನೇ ಲೇಖನದ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಇದರಿಂದ ಏನು ಉಪಯೋಗ?” ಎಂಬ ಪ್ರಶ್ನೆಗೆ ಹೆದರಿ ಬರೆದಂತಿದೆ. ಉಪಯೋಗ ಹೇಳುವುದು ತಪ್ಪಲ್ಲ, ಆದರೆ ಉಪಯೋಗ ಗೊತ್ತಾದ ಮಾತ್ರಕ್ಕೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ. ಅವಿಭಾಜ್ಯ ಸಂಖ್ಯೆಗಳು ಗುಟ್ಟು ಕಾಯುತ್ತವೆ ಎಂದು ಮೊದಲ ಸಾಲಿನಲ್ಲೇ ಹೇಳುವ ಬದಲು, 89ನ್ನು 97ರಿಂದ ಗುಣಿಸಲು ಹೇಳಿ. ಕಾಗದದ ಮೇಲೆ ಒಂದು ನಿಮಿಷದ ಕೆಲಸ. ಆಮೇಲೆ 8051 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿ. ಹೋಗುವುದು ಸುಲಭ, ಬರುವುದು ಕಷ್ಟ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಆನಂತರ 1977ರ ಕಥೆ ಹೇಳಿ. ಈ ಕಷ್ಟವನ್ನೇ ನೆಚ್ಚಿ ಗುಪ್ತಲಿಪಿಯೊಂದನ್ನು ಕಟ್ಟಿದ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು 129 ಅಂಕಿಗಳ ಒಂದು ಸಂಖ್ಯೆಯನ್ನು ಸಾರ್ವಜನಿಕರ ಮುಂದಿಟ್ಟು, ಒಡೆದು ತೋರಿಸಿ ಎಂದು ಸವಾಲು ಹಾಕಿದರು. ಅದು ಒಡೆದದ್ದು 1994ರಲ್ಲಿ, ಜಗತ್ತಿನ ನೂರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ದುಡಿದ ಮೇಲೆ. ಬೆರಳಿಗೆ ಆ ಕಷ್ಟ ಗೊತ್ತಾಗಿರುವವರಿಗೆ ಈ 17 ವರ್ಷಗಳ ತೂಕ ತಿಳಿಯುತ್ತದೆ.

ಹಾಗಾದರೆ ಸೂತ್ರವನ್ನು ಎಲ್ಲಿ ತರಬೇಕು? ಮಾತು ಸಾಕಾಗಿ ಹೋದಲ್ಲಿ ತರಬೇಕು. ಇದು ಗಣಿತ ನಡೆದುಬಂದ ದಾರಿಯೂ ಹೌದು. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬರೆದ ಗ್ರಂಥದಿಂದಲೇ ಅಲ್ಜೀಬ್ರಾ ಎಂಬ ಹೆಸರು ಬಂತು. ಆ ಗ್ರಂಥದಲ್ಲಿ ಇಂದಿನ ಚಿಹ್ನೆ ಒಂದೂ ಇಲ್ಲ, ಎಲ್ಲವೂ ವಾಕ್ಯಗಳಲ್ಲೇ. ಅವರದೇ ಲೆಕ್ಕ ಹೀಗಿದೆ: ಒಂದು ಚೌಕವಿದೆ, ಬಾಹು ಎಷ್ಟೆಂದು ಗೊತ್ತಿಲ್ಲ. ಚೌಕದ ವಿಸ್ತೀರ್ಣಕ್ಕೆ ಅದರ ಬಾಹುವಿನ ಹತ್ತರಷ್ಟನ್ನು ಕೂಡಿಸಿದರೆ 39. ಬಾಹು ಎಷ್ಟು?

ಚಿತ್ರ ಬರೆಯೋಣ. ನಡುವೆ ಚೌಕ. ಬಾಹುವಿನ ಹತ್ತರಷ್ಟು ಎಂಬುದನ್ನು ನಾಲ್ಕು ಸಮಪಾಲು ಮಾಡಿ ನಾಲ್ಕೂ ಬದಿಗೆ ಪಟ್ಟಿಯಂತೆ ಅಂಟಿಸಿದರೆ ಒಂದೊಂದು ಪಟ್ಟಿಯ ಅಗಲ ಎರಡೂವರೆ. ಈಗ ದೊರೆತ ಆಕಾರದ ವಿಸ್ತೀರ್ಣ 39. ದೊಡ್ಡ ಚೌಕವಾಗಲು ಅದಕ್ಕೆ ನಾಲ್ಕು ಮೂಲೆಗಳ ಕೊರತೆ. ಮೂಲೆಯೊಂದು ಎರಡೂವರೆಗೆ ಎರಡೂವರೆ, ಅಂದರೆ 6.25. ನಾಲ್ಕು ಸೇರಿದರೆ 25. ಮೂಲೆ ತುಂಬಿದ ಮೇಲೆ ದೊಡ್ಡ ಚೌಕದ ವಿಸ್ತೀರ್ಣ 39 + 25 = 64, ಅದರ ಬಾಹು 8. ಎರಡೂ ಬದಿಯ ಎರಡೂವರೆಗಳನ್ನು ಕಳೆದರೆ 3. ಇದೇ ಉತ್ತರ.

ಶಾಲೆಯಲ್ಲಿ “ವರ್ಗ ಪೂರ್ಣಗೊಳಿಸುವ ವಿಧಾನ” ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಪೂರ್ಣವಾಗಲು ಕಾದಿದ್ದ ಒಂದು ನಿಜವಾದ ಚೌಕ ಅಲ್ಲಿತ್ತು, ನಾಲ್ಕು ಮೂಲೆ ಖಾಲಿ ಬಿದ್ದಿತ್ತು ಎಂದು ಎಷ್ಟು ಜನರಿಗೆ ಯಾರು ತೋರಿಸಿದರು? ಇದನ್ನು ಚಿತ್ರದಲ್ಲಿ ಕಂಡ ಐವತ್ತು ದಾಟಿದವರ ಮುಖದಲ್ಲಿ ನಾನು ಸಂತೋಷ ನೋಡಿದ್ದೇನೆ, ಅದರ ಹಿಂದೆಯೇ ಸ್ವಲ್ಪ ಸಿಟ್ಟನ್ನೂ ನೋಡಿದ್ದೇನೆ. ಇಷ್ಟು ಸುಂದರವಾದದ್ದನ್ನು ನಮ್ಮಿಂದ ಮುಚ್ಚಿಟ್ಟರಲ್ಲ ಎಂಬ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು.

ಇಷ್ಟಾದ ಮೇಲೆ x² + 10x = 39 ಎಂದು ಬರೆಯಿರಿ. ಯಾರೂ ಓಡುವುದಿಲ್ಲ. ಅಷ್ಟುದ್ದದ ವಾಕ್ಯವನ್ನು ಇನ್ನೊಮ್ಮೆ ಹೇಳುವ ಕಷ್ಟ ತಪ್ಪಿತಲ್ಲ ಎಂದುಕೊಳ್ಳುತ್ತಾರೆ. ಸಮ ಎಂಬುದಕ್ಕೆ ನಾವು ಬಳಸುವ ಎರಡು ಗೆರೆಗಳು ಹುಟ್ಟಿದ್ದೂ ಇಂಥದೇ ಆಯಾಸದಿಂದ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ಲೇಖಕರು “ಇದಕ್ಕೆ ಸಮ” ಎಂಬ ಮಾತನ್ನು ಪದೇ ಪದೇ ಬರೆದು ಬೇಸತ್ತು, ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಇನ್ನೇನಿದೆ ಎಂದು ಆ ಚಿಹ್ನೆಯನ್ನು ಆರಿಸಿಕೊಂಡರು.

ಕನ್ನಡದಲ್ಲಿ ಬರೆಯುವವರಿಗೆ ಪದಗಳ ಚಿಂತೆ ಬೇರೆ ಇರುತ್ತದೆ. ನೀವು ಒಂದು ಕಡೆ “ಇರ್‍ರ್ಯಾಷನಲ್” ಎಂದು, ಇನ್ನೊಂದು ಕಡೆ “ಅಭಾಗಲಬ್ಧ” ಎಂದು ಬರೆದು ಎರಡನ್ನೂ ವಿವರಿಸದೆ ಬಿಟ್ಟಿದ್ದೀರಿ. ನಮ್ಮ ಪಾರಿಭಾಷಿಕ ಪದಗಳು ಕಠಿಣ ಎಂದು ಎಲ್ಲರೂ ದೂರುತ್ತಾರೆ. ಬಿಡಿಸಿ ನೋಡಿದರೆ ಎಷ್ಟೋ ಪದಗಳೊಳಗೆ ಇಡೀ ವ್ಯಾಖ್ಯಾನವೇ ಕೂತಿರುತ್ತದೆ. ಅಭಾಗಲಬ್ಧ ಎಂದರೆ ಭಾಗಿಸಿ ಲಭಿಸದ್ದು. ಒಂದು ಪೂರ್ಣಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿ ನೀವು ಇದನ್ನು ಎಂದೂ ಪಡೆಯಲಾರಿರಿ. ಇನ್ನೇನು ಬೇಕು? ಅವಿಭಾಜ್ಯವೂ ಹಾಗೇ. ಆದರೆ ಲಸಾಅ, ಮಸಾಅ ಎಂದು ಕೇಳಿದ್ದನ್ನು ನೆನಪಿಸಿಕೊಳ್ಳಿ. ಲಘುತಮ ಸಾಮಾನ್ಯ ಅಪವರ್ತ್ಯ ಎಂಬುದು ಮೂರಕ್ಷರದ ಮಂತ್ರವಾಗಿ, ಅದು ಎರಡು ಸಂಖ್ಯೆಗಳ ಮಗ್ಗಿಗಳು ಮೊದಲ ಬಾರಿ ಭೇಟಿಯಾಗುವ ಜಾಗ ಎಂಬುದೇ ಮರೆತುಹೋಯಿತು. ಪ್ರೂಫ್ ಎಂಬುದಕ್ಕೆ ಪಠ್ಯಪುಸ್ತಕ ಬಳಸುವ “ಸಾಧನೆ” ಎಂಬ ಪದ ಇನ್ನೊಂದು ತೊಡಕು, ಮಾತಿನಲ್ಲಿ ಅದಕ್ಕೆ ಬಹುಮಾನ ಗೆದ್ದವರ ಸಾಧನೆ ಎಂಬ ಅರ್ಥ. ನಾನು ಮೊದಲ ಸಲ ಬಳಸುವಾಗ “ಸಾಧಿಸಿ ತೋರಿಸುವುದು” ಎನ್ನುತ್ತೇನೆ, ಆಮೇಲೆ ಸಾಧನೆ ಎಂದಷ್ಟೇ ಹೇಳಿದರೂ ನಡೆಯುತ್ತದೆ. ಜನರ ಬಾಯಲ್ಲಿರುವ ಪ್ರೈಮ್ ನಂಬರ್ ಎಂಬುದನ್ನು ಒಂದು ಸಲ ಹೇಳಿ, ಅವಿಭಾಜ್ಯವನ್ನು ಬಿಡಿಸಿ ತೋರಿಸಿ, ಮುಂದೆ ಯಾವುದಾದರೂ ಒಂದನ್ನೇ ಹಿಡಿದುಕೊಳ್ಳಿ.

ಅಂಕಿಗಳಿಗೂ ಇದೇ ಮಾತು. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವನೀಯತೆ 0.507 ಎಂದರೆ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಇಂಥ ನೂರು ಗುಂಪು ಸೇರಿಸಿದರೆ ಐವತ್ತೊಂದರಲ್ಲಿ ಅಂಥ ಜೋಡಿ ಸಿಗುತ್ತದೆ ಎನ್ನಿ, ಜನ ಒಪ್ಪುವುದಿಲ್ಲ, ಜಗಳಕ್ಕೆ ಬರುತ್ತಾರೆ. ಒಳ್ಳೆಯದೇ ಆಯಿತು. ಅವರು ಮನಸ್ಸಿನಲ್ಲಿ “ನನ್ನ ಹುಟ್ಟಿದ ದಿನದವರು ಇನ್ನೊಬ್ಬರು” ಎಂದು ಹುಡುಕುತ್ತಿರುತ್ತಾರೆ, ಅದಕ್ಕೆ 22 ಜೋಡಿಗಳು ಮಾತ್ರ. ಯಾರ ಜೊತೆ ಯಾರಾದರೂ ಆಗಬಹುದೆಂದರೆ ಜೋಡಿಗಳು 253.

ಓದುಗರು ತಪ್ಪುವ ಜಾಗದಲ್ಲಿ ನಮ್ಮ ನಡೆ ಹೇಗಿರಬೇಕೆಂಬುದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಗಣಿತದ ಭಯ ಹುಟ್ಟಿದ್ದೇ ತಪ್ಪಾದಾಗ ನಾಲ್ಕು ಜನರೆದುರು ಆದ ಅವಮಾನದಿಂದ, ಬೇಗ ಹೇಳು ಎಂಬ ಅವಸರದಿಂದ. ಆದ್ದರಿಂದ ಪ್ರಶ್ನೆ ಕೇಳುವಾಗಲೇ ತಪ್ಪಿಗೆ ಗೌರವದ ಜಾಗ ಮಾಡಿಕೊಡಬೇಕು. 1990ರಲ್ಲಿ ಅಮೆರಿಕದ ಪೆರೇಡ್ ಪತ್ರಿಕೆಯ ಅಂಕಣದಲ್ಲಿ ಮೆರಿಲಿನ್ ವೋಸ್ ಸವಾಂಟ್ ಮೂರು ಬಾಗಿಲಿನ ಒಗಟಿಗೆ ಉತ್ತರ ಬರೆದರು. ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಆಡು. ನೀವೊಂದನ್ನು ಆರಿಸುತ್ತೀರಿ. ಕಾರು ಎಲ್ಲಿದೆಯೆಂದು ಬಲ್ಲ ನಿರೂಪಕ ಉಳಿದೆರಡರಲ್ಲಿ ಆಡಿರುವ ಒಂದನ್ನು ತೆರೆದು, ಬದಲಾಯಿಸುತ್ತೀರಾ ಎನ್ನುತ್ತಾನೆ. ಬದಲಾಯಿಸಿದರೆ ಗೆಲ್ಲುವ ಅವಕಾಶ ಮೂರರಲ್ಲಿ ಎರಡು ಎಂದು ಆಕೆ ಬರೆದದ್ದಕ್ಕೆ ಸುಮಾರು 10,000 ಪತ್ರಗಳು ಬಂದವು, ಹೆಚ್ಚಿನವು ಆಕೆಯದೇ ತಪ್ಪೆಂದು ಸಾರಿದವು, ಸಾವಿರದಷ್ಟರ ಕೆಳಗೆ ಪಿಎಚ್‌.ಡಿ. ಪದವಿಯ ಸಹಿ ಇತ್ತು. ಆಕೆ ಹೇಳಿದ್ದೇ ಸರಿ. ಪಾಲ್ ಏರ್ಡಿಶ್‌ರಂಥ ಮಹಾಗಣಿತಜ್ಞರೂ ಕಂಪ್ಯೂಟರಿನಲ್ಲಿ ಆಡಿ ತೋರಿಸುವವರೆಗೆ ಒಪ್ಪಿರಲಿಲ್ಲ. ಈ ಸಂಗತಿಯನ್ನು ಉತ್ತರದ ನಂತರವಲ್ಲ, ಮೊದಲೇ ಹೇಳಿಬಿಡಿ. ತಪ್ಪು ಮಾಡುವವರಿಗೆ ಒಳ್ಳೆಯ ಸಂಗಡವಿದೆಯೆಂದು ಗೊತ್ತಾದರೆ ಊಹಿಸಲು ಧೈರ್ಯ ಬರುತ್ತದೆ. ಆಮೇಲೆ ಮೂರು ಬಾಗಿಲಿನ ಬದಲು ನೂರು ಬಾಗಿಲು ಇಡಿ. ನೀವೊಂದನ್ನು ಆರಿಸಿದಿರಿ, ಆತ ಉಳಿದವುಗಳಲ್ಲಿ 98ನ್ನು ತೆರೆದು ಒಂದನ್ನು ಮಾತ್ರ ಮುಚ್ಚಿಟ್ಟ. ಈಗ ಬದಲಾಯಿಸುತ್ತೀರಾ?

ಇದೇ ಕಾರಣಕ್ಕೆ ನಿಮ್ಮ ಲೇಖನಗಳಿಂದ “ಸುಲಭವಾಗಿ ನೋಡಬಹುದು”, “ಎಲ್ಲರಿಗೂ ಗೊತ್ತಿರುವಂತೆ”, “ಸ್ಪಷ್ಟ” ಎಂಬ ಮಾತುಗಳನ್ನು ಹುಡುಕಿ ಹೊಡೆದುಹಾಕಿ. ಹನ್ನೊಂದು ಕಡೆ ಇವೆ, ಎಣಿಸಿದ್ದೇನೆ. ಸುಲಭವೆಂದು ಹೇಳಿದ್ದು ಅರ್ಥವಾಗದಿದ್ದಾಗ ಓದುಗರು ನಿಮ್ಮನ್ನು ದೂರುವುದಿಲ್ಲ, ತಮ್ಮನ್ನೇ ದಡ್ಡರೆಂದುಕೊಂಡು ಪುಟ ಮುಚ್ಚುತ್ತಾರೆ.

ಸರಳಗೊಳಿಸುವಾಗ ಬಿಟ್ಟುಬಿಡಲು ನಮಗೆ ಹಕ್ಕಿದೆ, ಸುಳ್ಳು ಹೇಳಲು ಇಲ್ಲ. 1 + 2 + 3 + … ಎಂದು ಕೊನೆಯಿಲ್ಲದೆ ಕೂಡಿದರೆ −1/12 ಬರುತ್ತದೆ ಎಂಬ ಮಾತು ಬೆರಗು ಹುಟ್ಟಿಸಲೆಂದೇ ಓಡಾಡುತ್ತಿರುತ್ತದೆ. ನಾವು ಬಲ್ಲ ಕೂಡುವ ಲೆಕ್ಕದಲ್ಲಿ ಅದು ಬರುವುದಿಲ್ಲ, ಮೊತ್ತ ಎಂಬ ಪದಕ್ಕೆ ಬೇರೆಯೇ ಅರ್ಥ ಕೊಟ್ಟಾಗ ಮಾತ್ರ ಬರುತ್ತದೆ. ರಾಮಾನುಜನ್ 1913ರಲ್ಲಿ ಹಾರ್ಡಿಗೆ ಇದನ್ನು ಬರೆದಾಗ, ವಿವರಣೆಯಿಲ್ಲದೆ ಇದನ್ನಷ್ಟೇ ಹೇಳಿದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಹೋಗೆನ್ನುತ್ತೀರಿ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದರು. ಆ ಎಚ್ಚರಿಕೆಯನ್ನು ಕತ್ತರಿಸಿ ಬೆರಗನ್ನಷ್ಟೇ ಮಾರುವುದು ಓದುಗರಿಗೂ ರಾಮಾನುಜನ್‌ಗೂ ಮಾಡುವ ಅನ್ಯಾಯ.

ಇನ್ನೊಂದು ವಿಷಯ. ಸಾಮಾನ್ಯ ಓದುಗರು ಎಂದಾಗ ನಿಮ್ಮ ಮನಸ್ಸಿನಲ್ಲಿ ಯಾರಿದ್ದಾರೆ? ನಿಮ್ಮ ಬರಹದ ಧಾಟಿ ನೋಡಿದರೆ ಮಕ್ಕಳಿದ್ದಂತಿದೆ. ಮಾರ್ಟಿನ್ ಗಾರ್ಡ್ನರ್ 1957ರಿಂದ ಸುಮಾರು 25 ವರ್ಷ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಗಣಿತದ ಅಂಕಣ ಬರೆದರು. ಓದಿದ್ದು ತತ್ವಶಾಸ್ತ್ರ, ಕಾಲೇಜಿನಲ್ಲಿ ಗಣಿತ ಕಲಿತವರಲ್ಲ. ವಿಷಯ ತಮಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದಲೇ ಇತರರಿಗೆ ಅರ್ಥವಾಗುವಂತೆ ಬರೆಯಲು ಸಾಧ್ಯವಾಯಿತು ಎನ್ನುತ್ತಿದ್ದರು. 1975ರಲ್ಲಿ ಅವರು, ಸಂದಿಯಿಲ್ಲದಂತೆ ನೆಲ ತುಂಬಬಲ್ಲ ಪಂಚಭುಜಗಳ ಬಗ್ಗೆ ಬರೆದರು. ಪ್ರೌಢಶಾಲೆಯ ಗಣಿತವಷ್ಟೇ ಗೊತ್ತಿದ್ದ ಮಾರ್ಜರಿ ರೈಸ್ ಎಂಬ ಗೃಹಿಣಿ ಅದನ್ನು ಓದಿ, ತಾವೇ ಒಂದು ಬರೆಯುವ ಪದ್ಧತಿ ಕಟ್ಟಿಕೊಂಡು, ಎರಡು ವರ್ಷಗಳಲ್ಲಿ ಗಣಿತಜ್ಞರ ಕಣ್ಣಿಗೆ ಬಿದ್ದಿರದ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದರು. 2022ರಲ್ಲಿ ಡೇವಿಡ್ ಸ್ಮಿತ್ ಎಂಬ ನಿವೃತ್ತ ಮುದ್ರಣ ತಂತ್ರಜ್ಞರು ಕಾಗದ ಕತ್ತರಿಸಿ ಜೋಡಿಸುತ್ತ, ಎಷ್ಟು ಹರಡಿದರೂ ಒಂದೇ ವಿನ್ಯಾಸ ಮತ್ತೆ ಮತ್ತೆ ಮರುಕಳಿಸದಂತೆ ನೆಲ ತುಂಬುವ ಹದಿಮೂರು ಬಾಹುಗಳ ಒಂದು ಆಕಾರವನ್ನು ಕಂಡರು. ಅಂಥದೊಂದು ಒಂಟಿ ಆಕಾರ ಇದೆಯೇ ಎಂದು ದಶಕಗಳಿಂದ ಹುಡುಕಾಟ ನಡೆದಿತ್ತು. ಅದು ನಿಜಕ್ಕೂ ಹಾಗಿದೆಯೆಂದು ಇನ್ನೂ ಮೂವರೊಡನೆ ಸೇರಿ ಸಾಧಿಸಿದ ಪ್ರಬಂಧ 2023ರಲ್ಲಿ ಹೊರಬಂತು. ನಿಮ್ಮ ಓದುಗರಲ್ಲಿ ಇಂಥವರು ಇರಬಹುದು. ಅವರಿಗೆ ಗೊತ್ತಿಲ್ಲದಿರುವುದು ಗಣಿತದ ಭಾಷೆ ಮಾತ್ರ, ಬುದ್ಧಿಗೆ ಕೊರತೆಯಿಲ್ಲ. ಹಾಗೆಂದುಕೊಂಡು ಬರೆಯಿರಿ, ವಾಕ್ಯದ ಧಾಟಿ ತಾನಾಗಿ ಬದಲಾಗುತ್ತದೆ.

ಬರೆದ ಮೇಲೆ ಗಣಿತ ಒಲ್ಲದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ. ನೀವು ವಿವರಿಸಬೇಡಿ. ಅವರು ಎಲ್ಲಿ ನಿಧಾನಿಸಿದರು, ಎಲ್ಲಿ ಹಿಂದಕ್ಕೆ ಹೋಗಿ ಓದಿದರು, ಎಲ್ಲಿ ಪೆನ್ನು ಕೇಳಿದರು ಎಂದು ಗುರುತು ಹಾಕಿಕೊಳ್ಳಿ. ಪೆನ್ನು ಕೇಳಿದ ಜಾಗವನ್ನು ಮುಟ್ಟಬೇಡಿ.

ನಾಲ್ಕನೇ ಲೇಖನಕ್ಕೆ ಒಂದು ವಿಷಯ ಕೊಡುತ್ತೇನೆ. ಮೇಲಿನ ಚದುರಂಗದ ಹಾಸಿನಿಂದ ಒಂದೇ ಬಣ್ಣದ ಎರಡು ಮನೆ ತೆಗೆದರೆ ಮುಚ್ಚಲಾಗದು ಎಂದು ಕಂಡೆವು. ಒಂದು ಕಪ್ಪು, ಒಂದು ಬಿಳಿ ತೆಗೆದರೆ? ಅವು ಹಾಸಿನ ಯಾವ ಜಾಗದಲ್ಲಿದ್ದರೂ ಸರಿ, ಉಳಿದ 62 ಮನೆಗಳನ್ನು 31 ಪಟ್ಟಿಗಳಿಂದ ಯಾವಾಗಲೂ ಮುಚ್ಚಬಹುದೇ? ಲೆಕ್ಕ ಸರಿಹೊಂದುತ್ತದೆ, ಆದರೆ ಲೆಕ್ಕ ಸರಿಹೊಂದಿದ ಮಾತ್ರಕ್ಕೆ ಪಟ್ಟಿಗಳು ಹೊಂದಿಕೊಳ್ಳಬೇಕೆಂದೇನಿಲ್ಲ. ಎಲ್ಲಿಯೂ ಹುಡುಕದೆ ನೀವೇ ಮಾಡಿ ನೋಡಿ. ಎರಡು ದಿನವಾದರೂ ದಾರಿ ಕಾಣದಿದ್ದರೆ, 64 ಮನೆಗಳನ್ನೂ ಒಂದೊಂದೇ ಸಲ ಹಾದು ಹೊರಟ ಮನೆಗೇ ಮರಳುವ ಒಂದು ಗೆರೆಯನ್ನು ಹಾಸಿನ ಮೇಲೆ ಎಳೆದುಕೊಂಡು, ಆ ಎರಡು ಮನೆಗಳನ್ನು ಅದರಿಂದ ಕತ್ತರಿಸಿ ನೋಡಿ. ಎಲ್ಲಿ ಸಿಕ್ಕಿಕೊಂಡಿರಿ, ಏನೇನು ತಪ್ಪು ಊಹಿಸಿದಿರಿ, ಯಾವುದರಿಂದ ಬಿಡಿಸಿಕೊಂಡಿರಿ ಎಂಬುದನ್ನೆಲ್ಲ ಆಗಿಂದಾಗಲೇ ಬರೆದಿಟ್ಟುಕೊಳ್ಳಿ. ಆ ಹಾಳೆಗಳನ್ನೇ, ಒಂದಕ್ಷರವೂ ತಿದ್ದದೆ, ನನಗೆ ಕಳಿಸಿಕೊಡಿ.